ಕ್ಯಾಸಲ್‌ರಾಕ್: ಘಟ್ಟಕ್ಕೆ ಎರಡನೆಯ ಹಳಿ ಬೇಕೆ?

ಲೋಂಡಾ ಕಡೆಯಿಂದ ಗೋವಾಕ್ಕೆ ಹೊರಟ ರೈಲು ತಿನೈಘಾಟ್ ದಾಟಿದರೆ ಸಿಗುವ ದೊಡ್ಡ ನಿಲ್ದಾಣ ಜೊಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್. ಅಲ್ಲಿಂದ ಮುಂದೆ ನೆಲ ಜಾರುತ್ತಾ ಹೋಗುತ್ತದೆ. ಕುಳೆಂವರೆಗಿನ ಸುಮಾರು 26 ಕಿಲೋಮೀಟರ್ ಹಾದಿಯಲ್ಲಿ ಸುರಂಗಗಳು, ದೂಧಸಾಗರ ಜಲಪಾತ, ಅದರೆದುರಿನ ಸೇತುವೆ. ಈ ಘಟ್ಟದ ಇಳಿಜಾರು 37 ಅಡಿಗೆ ಒಂದು ಅಡಿಯಷ್ಟು ಕಡಿದು. ಕೆಳಗಿನಿಂದ ಬರುವ ಗೂಡ್ಸ್ ಗಾಡಿಯನ್ನು ಮುಂದಿನಿಂದ ಎಳೆದರಷ್ಟೇ ಸಾಲದು, ಹಿಂದಿನಿಂದಲೂ ಎಂಜಿನ್‌ಗಳು ತಳ್ಳಬೇಕು. 1888ರಿಂದ ರೈಲು ಏರಿ ಇಳಿದಿರುವ ಈ ಒಂಟಿ ಹಾದಿಯ ಪಕ್ಕದಲ್ಲಿ ಇನ್ನೊಂದು ಹಳಿ ಹಾಕಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದನ್ನು ಅರಿಯಲು ಈ ಹಾದಿಯ ಹುಟ್ಟಿನಿಂದಲೇ ಆರಂಭಿಸಬೇಕು.

1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಗೋವಾದ ಮರ್ಮಗೋವಾ ಬಂದರನ್ನು ಘಟ್ಟದ ಮೇಲಿನ ಬ್ರಿಟಿಷ್ ನಾಡಿಗೆ ರೈಲಿನಿಂದ ಜೋಡಿಸುವುದು ಅದರ ಉದ್ದೇಶಗಳಲ್ಲೊಂದು. ಆ ವರ್ಷಗಳಲ್ಲೇ ಮುಂಬೈ ಕರ್ನಾಟಕ ಭೀಕರ ಬರಗಾಲವನ್ನು ಕಂಡಿತ್ತು. ಧಾನ್ಯ ಸಾಗಿಸಲು ರೈಲಿಲ್ಲದಿದ್ದರೆ ಏನಾಗುತ್ತದೆಂಬುದನ್ನು ಸರ್ಕಾರ ಕಣ್ಣಾರೆ ನೋಡಿತ್ತು. ಘಟ್ಟದ ಮೇಲಿನ ಭಾಗವನ್ನು ಸದರ್ನ್ ಮರಾಠಾ ರೈಲ್ವೆಯೂ ಗೋವಾದ ಭಾಗವನ್ನು ಲಂಡನ್ನಿನಲ್ಲಿ ಸ್ಥಾಪನೆಯಾದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಂಪನಿಯೂ ನಿರ್ಮಿಸಿದವು. ಎರಡೂ ಕೂಡಿದ ಗಡಿ ನಿಲ್ದಾಣವೇ ಕ್ಯಾಸಲ್‌ರಾಕ್.

ಅಂದಿನ ಎಂಜಿನಿಯರುಗಳು ಅಳತೆ ಮಾಡಲಿಲ್ಲವೆಂದಲ್ಲ. ಬಂಡೆಯ ಗಟ್ಟಿತನ, ಇಳಿಜಾರು, ಹಾಕಿದ ಹಣಕ್ಕೆ ಬರುವ ಬಡ್ಡಿ, ಎಲ್ಲವನ್ನೂ ಅಳೆದರು. ಕಾಡು ಮಾತ್ರ ಲೆಕ್ಕಕ್ಕೆ ಬಂದದ್ದು ಮರಮುಟ್ಟಾಗಿ. ಹಣದ ಲೆಕ್ಕವೂ ಸರಿಹೋಗಲಿಲ್ಲ. ಕಂಪನಿಗೆ ಬಡ್ಡಿಯ ಭರವಸೆ ಕೊಟ್ಟಿದ್ದ ಪೋರ್ಚುಗಲ್ಲಿನ ಖಜಾನೆಗೆ ಈ ಹಾದಿ ಹೊರೆಯಾಯಿತು. 1902ರಲ್ಲಿ ರೈಲು ನಡೆಸುವ ಹೊಣೆಯನ್ನು ಸದರ್ನ್ ಮರಾಠಾ ಕಂಪನಿಯೇ ವಹಿಸಿಕೊಂಡಿತು.

ಈ ಹಳಿಗೂ ಗೋವಾದ ಸೇನಾ ವಿಮಾನ ನೆಲೆಗೂ ಒಂದು ಸಂಬಂಧವಿದೆ. 1955ರಲ್ಲಿ ಸತ್ಯಾಗ್ರಹಿಗಳ ಮೇಲೆ ಗೋವಾದಲ್ಲಿ ಗುಂಡು ಹಾರಿದ ನಂತರ ಭಾರತ ದಿಗ್ಬಂಧನವನ್ನು ಬಿಗಿಗೊಳಿಸಿತು. ಕ್ಯಾಸಲ್‌ರಾಕ್ ದಾಟುತ್ತಿದ್ದ ರೈಲು ನಿಂತಿತು. ನೆಲದ ದಾರಿ ಮುಚ್ಚಿಹೋದ ಆ ಕಾಲದಲ್ಲಿ ಪೋರ್ಚುಗೀಸರಿಗೆ ಆಸರೆಯಾದದ್ದು ವಾಸ್ಕೊ ಬಳಿಯ ಹೊಸ ದಾಬೋಲಿಂ ವಿಮಾನ ನಿಲ್ದಾಣ. 1961ರ ಡಿಸೆಂಬರ್ 18ರಂದು ಭಾರತದ ಕ್ಯಾನ್‌ಬೆರಾ ವಿಮಾನಗಳು ಅದರ ರನ್‌ವೇ ಮೇಲೆ ಬಾಂಬು ಹಾಕಿದವು. ಬೆಳಗಾವಿಯ ಸಾಂಬ್ರಾದಿಂದ ಹೊರಟ ಹಂಟರ್ ವಿಮಾನಗಳು ಬಾಂಬೋಳಿಯ ವೈರ್‌ಲೆಸ್ ಕೇಂದ್ರವನ್ನು ಕೆಡವಿದವು. 1964ರಲ್ಲಿ ನಮ್ಮ ನೌಕಾಪಡೆಯ ಐಎನ್‌ಎಸ್ ಹಂಸ ದಾಬೋಲಿಂಗೆ ಬಂದು ನೆಲೆಸಿತು. ಅಲ್ಲಿ ವಿಮಾನ ನಿಲ್ದಾಣ ಬೆಳೆದದ್ದೂ ಈ ಘಟ್ಟದಲ್ಲಿ ರೈಲು ನಿಂತದ್ದೂ ಒಂದೇ ಕಥೆಯ ಎರಡು ಮುಖಗಳು.

ಇಂಥ ನೆಲೆಗಳು ಉತ್ತರ ಕನ್ನಡಕ್ಕೂ ಹೊಸತಲ್ಲ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ಕರಾವಳಿಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ನೆಲೆಗಳನ್ನು ಬಿಟ್ಟುಕೊಟ್ಟವು. 2005ರಲ್ಲಿ ಐಎನ್‌ಎಸ್ ಕದಂಬ ಸೇವೆಗೆ ಸೇರಿತು. ವಿಸ್ತರಣೆಯ ಹಂತದಲ್ಲಿ ಅಂಕೋಲಾದ ಅಲಗೇರಿ ಬಳಿ ನೌಕಾ ವಿಮಾನ ನಿಲ್ದಾಣದ ಯೋಜನೆಯೂ ಸೇರಿಕೊಂಡಿತು.

ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೊಡ್ಡ ಯೋಜನೆಗಳು ಆರಂಭವಾಗುವ ಮೊದಲು ಪರಿಸರದ ಮೇಲಿನ ಪರಿಣಾಮವನ್ನು ಅಧ್ಯಯನ ಮಾಡಬೇಕು, ಸ್ಥಳೀಯರ ಅಹವಾಲು ಕೇಳಬೇಕು ಎನ್ನುತ್ತದೆ 2006ರ ಕೇಂದ್ರ ಅಧಿಸೂಚನೆ. ವಿಮಾನ ನಿಲ್ದಾಣಗಳು ಅದರ ಪಟ್ಟಿಯಲ್ಲಿವೆ. ಆದರೆ ದೇಶದ ರಕ್ಷಣೆಗೆ ಸಂಬಂಧಿಸಿದ ಯೋಜನೆಯಾದರೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಉಂಟು. ರೈಲು ಮಾರ್ಗದ್ದು ಇನ್ನೂ ವಿಚಿತ್ರ. ಅದರ ಹೆಸರೇ ಪಟ್ಟಿಯಲ್ಲಿಲ್ಲ. ಎಂದರೆ ಘಟ್ಟವನ್ನು ಸೀಳಿ ಹಳಿ ಹಾಕುವುದಕ್ಕೆ ಈ ಅಧಿಸೂಚನೆಯಡಿ ಅಧ್ಯಯನವೂ ಬೇಕಿಲ್ಲ, ಅಹವಾಲೂ ಬೇಕಿಲ್ಲ.

ಹೊಸಪೇಟೆ–ತಿನೈಘಾಟ್–ವಾಸ್ಕೊ ಜೋಡಿ ಮಾರ್ಗಕ್ಕೆ 2010–11ರಲ್ಲಿ ಮಂಜೂರಾತಿ ದೊರೆಯಿತು. ರೈಲ್ವೆಯ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಮರ್ಮಗೋವಾದಲ್ಲಿ ಇಳಿಯುವ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಹೋಗಬೇಕು. ಹುಬ್ಬಳ್ಳಿ–ಧಾರವಾಡದ ಪ್ರಯಾಣಿಕರಿಗೂ ವ್ಯಾಪಾರಿಗಳಿಗೂ ಗೋವಾ ಹತ್ತಿರವಾಗಬೇಕು. ಲಾರಿಗಳಿಗಿಂತ ರೈಲು ಪರಿಸರಕ್ಕೆ ಹಿತ. ಆದರೆ ಹಾದಿ ಹೋಗುವುದು ಇತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ, ಅತ್ತ ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲ್ಲೆಂ ರಾಷ್ಟ್ರೀಯ ಉದ್ಯಾನದಲ್ಲಿ. ಹುಲಿಗೂ ಕಾಡುಕೋಣಕ್ಕೂ ರಾಜ್ಯದ ಗಡಿ ಗೊತ್ತಿಲ್ಲ. ಅವುಗಳಿಗೆ ಇದು ಒಂದೇ ಕಾಡು. ಈ ಹಳಿಯ ಮೇಲೆ ರೈಲಿಗೆ ಸಿಕ್ಕಿ ಕಾಡುಕೋಣಗಳು ಸತ್ತದ್ದೂ ಉಂಟು.

ಅಧಿಸೂಚನೆ ಬಿಟ್ಟ ಜಾಗವನ್ನು ತುಂಬಿದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರಂತೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಒಪ್ಪಿಗೆ ಬೇಕಿತ್ತು. 2019ರ ಡಿಸೆಂಬರಿನಲ್ಲಿ ಸಮಿತಿ ಒಪ್ಪಿತು. ಗೋವಾದಲ್ಲಿ ಜನ ಬೀದಿಗಿಳಿದರು. 2020ರ ನವೆಂಬರಿನಲ್ಲಿ ಚಾಂದೋರಿನಲ್ಲಿ ನಡುರಾತ್ರಿ ಸಾವಿರಾರು ಮಂದಿ ಹಳಿಯ ಬಳಿ ಸೇರಿ ಪ್ರತಿಭಟಿಸಿದರು. ಗೋವಾ ಫೌಂಡೇಶನ್ ಸುಪ್ರೀಂ ಕೋರ್ಟಿನ ಕೇಂದ್ರೀಯ ಉನ್ನತಾಧಿಕಾರ ಸಮಿತಿಗೆ ದೂರು ಕೊಟ್ಟಿತು.

ಆ ಸಮಿತಿ 2021ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಸರಳ ಪ್ರಶ್ನೆ: ಇದರಿಂದ ಸಿಗುವುದೆಷ್ಟು? ಎರಡನೆಯ ಹಳಿ ಹಾಕಿದರೂ ಘಟ್ಟದ ಏರು ಏರೇ. ಮೊದಲೇ ಅದಕ್ಷವಾದ ಹಾದಿಯ ಸಾಮರ್ಥ್ಯ ಅಲ್ಪಸ್ವಲ್ಪ ಹೆಚ್ಚೀತು, ಅದಕ್ಕಾಗಿ ಪಶ್ಚಿಮ ಘಟ್ಟದ ಸೂಕ್ಷ್ಮ ಕಾಡನ್ನು ಹಾಳುಮಾಡಲು ಸಮರ್ಥನೆಯಿಲ್ಲ ಎಂದಿತು ಸಮಿತಿ. ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ನೇತೃತ್ವದ ಪೀಠ 2022ರ ಮೇ 9ರಂದು ಇದನ್ನು ಒಪ್ಪಿ ವನ್ಯಜೀವಿ ಮಂಡಳಿಯ ಅನುಮತಿಯನ್ನು ರದ್ದುಮಾಡಿತು. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ. ಜೀವವೈವಿಧ್ಯದ ಮೇಲಿನ ಪರಿಣಾಮವನ್ನು ವಿವರವಾಗಿ ಅಧ್ಯಯನ ಮಾಡಿಕೊಂಡು ಹೊಸದಾಗಿ ಮಂಡಳಿಯ ಮುಂದೆ ಹೋಗಬಹುದೆಂದಿತು.

ಮರುವರ್ಷ, 2023ರ ಜುಲೈನಲ್ಲಿ, ಕ್ಯಾಸಲ್‌ರಾಕ್ ಮತ್ತು ಕರಂಜೋಳದ ನಡುವೆ ಗುಡ್ಡ ಜರಿದು ರೈಲುಗಳು ರದ್ದಾದವು. ಒಂದು ಹಳಿಗಾಗಿ ಕಡಿದ ಗುಡ್ಡವೇ ಮಳೆಗಾಲದಲ್ಲಿ ಹೀಗಾದರೆ ಇನ್ನೊಂದಕ್ಕಾಗಿ ಮತ್ತಷ್ಟು ಕಡಿದಾಗ ಏನಾದೀತು ಎಂಬುದನ್ನು ಮೊದಲೇ ಕೇಳಿಕೊಳ್ಳುವುದಕ್ಕೇ ಅಧ್ಯಯನ ಬೇಕಾಗಿರುವುದು.

ಜೊಯಿಡಾದ ಜನಕ್ಕೆ ಈ ಮಾತು ಪುಸ್ತಕದ ಮಾತಲ್ಲ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಊರುಗಳೇ ಮುಳುಗಿದ್ದನ್ನು ಅವರು ಕಂಡಿದ್ದಾರೆ. ಹುಲಿಗಾಗಿ ಕಾಡು ಬಿಡಿ ಎಂಬ ಮಾತನ್ನು ಕುಣಬಿ, ಗೌಳಿ ಕುಟುಂಬಗಳು ಕೇಳಿವೆ. ಹಾಡಿಯಲ್ಲಿರುವವನಿಗೆ ಒಂದು ನಿಯಮ, ಹಳಿಗೂ ರನ್‌ವೇಗೂ ಇನ್ನೊಂದು ನಿಯಮ ಎಂದಾದರೆ ಕಾಡು ಉಳಿಸುವ ಮಾತನ್ನು ಅವರು ನಂಬುವುದು ಹೇಗೆ? ದೇಶಕ್ಕೆ ವಿಮಾನ ನೆಲೆಯೂ ಬೇಕು, ರೈಲೂ ಬೇಕು. ಆದರೆ ಯಾವುದಕ್ಕೆ ಎಷ್ಟು ಕೊಡುತ್ತೇವೆಂಬ ಲೆಕ್ಕ ಕೊಡಲಿ ಏಳುವ ಮೊದಲೇ ಆಗಬೇಕು, ಆ ಲೆಕ್ಕ ಊರಿನವರ ಕಣ್ಣಿಗೂ ಬೀಳಬೇಕು. ಕ್ಯಾಸಲ್‌ರಾಕ್ ಘಟ್ಟದಲ್ಲಿ ಆ ಲೆಕ್ಕವನ್ನು ಕೇಳಲು ಹಳಿ ಬಂದ ಮೇಲೆ ನೂರಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.