ಪೊಟ್ಟಣದೊಳಗಿನ ನವಾಬ

ಇತಿಹಾಸವೆಂದರೆ ಶಾಸನ, ತಾಮ್ರಪಟ, ಫರ್ಮಾನುಗಳೆಂದೇ ನಾವು ತಿಳಿಯುತ್ತೇವೆ. ಜನರು ಬಳಸಿ ಬಿಸಾಡಿದ ಕಾಗದದ ಚೂರುಗಳು ಇತಿಹಾಸಕಾರರ ಕಣ್ಣಿಗೆ ಬೀಳುವುದು ಕಡಿಮೆ. ಸಿಗರೇಟು ಪೊಟ್ಟಣದೊಳಗೆ ಇಟ್ಟು ಕೊಡುತ್ತಿದ್ದ ಆಟಗಾರರ ಚಿತ್ರಗಳು ಅಂಥ ಚೂರುಗಳು. ಹಳೆಯ ಕಾಗದ ಕೂಡಿಡುವ ಹವ್ಯಾಸವಿರುವ ಮಿತ್ರರೊಬ್ಬರು ಈಚೆಗೆ ನಮಗೆ ಇಂಥ ಕೆಲವು ಕಾರ್ಡುಗಳನ್ನು ಕಳುಹಿಸಿ, ಇವು ಯಾರವು, ಯಾವ ಕಾಲದವು ಎಂದು ಗುರುತಿಸಿಕೊಡಿ ಎಂದರು. ಅವುಗಳಲ್ಲೊಂದರ ಮೇಲೆ ಕ್ರಿಕೆಟ್ ಉಡುಪಿನ ಯುವಕನ ಚಿತ್ರವಿತ್ತು. ಕೆಳಗೆ ‘ನವಾಬ್ ಆಫ್ ಪಟೌಡಿ’ ಎಂದಷ್ಟೇ ಇತ್ತು. ಹೆಸರಿರಲಿಲ್ಲ, ಬಿರುದು ಮಾತ್ರ ಇತ್ತು.

ಈ ಕಾರ್ಡುಗಳ ಹುಟ್ಟು ವ್ಯಾಪಾರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಗರೇಟು ತೆಳು ಕಾಗದದ ಪೊಟ್ಟಣದಲ್ಲಿ ಬರುತ್ತಿತ್ತು. ಅದು ಮುದುಡದಿರಲೆಂದು ಒಳಗೊಂದು ದಪ್ಪ ರಟ್ಟಿನ ತುಂಡು ಇಡುತ್ತಿದ್ದರು. ಆ ತುಂಡಿನ ಮೇಲೆ ಚಿತ್ರ ಅಚ್ಚು ಹಾಕಿದರೆ ಗಿರಾಕಿ ಮತ್ತೆ ಅದೇ ಸಿಗರೇಟನ್ನು ಕೊಳ್ಳುತ್ತಾನೆಂಬ ಉಪಾಯ ವ್ಯಾಪಾರಿಗಳಿಗೆ ಹೊಳೆಯಿತು. ಅಮೆರಿಕದ ರಿಚ್ಮಂಡಿನ ಆಲೆನ್ ಅಂಡ್ ಗಿಂಟರ್ ಕಂಪೆನಿ 1887ರಲ್ಲಿ ಬೇಸ್‌ಬಾಲ್ ಆಟಗಾರರು, ಕುಸ್ತಿಪಟುಗಳು, ಮುಷ್ಟಿಯೋಧರು, ದೋಣಿ ಹುಟ್ಟುಗಾರರು ಮುಂತಾದವರ 50 ಚಿತ್ರಗಳ ಮಾಲೆಯನ್ನು ಹೊರತಂದಿತು. ಇಂಗ್ಲೆಂಡಿನಲ್ಲಿ ಬ್ರಿಸ್ಟಲ್‌ನ ವಿಲ್ಸ್ ಕಂಪೆನಿ 1896ರಲ್ಲಿ 50 ಕ್ರಿಕೆಟಿಗರ ಮಾಲೆ ತಂದಿತು. ನಾಟಿಂಗ್‌ಹ್ಯಾಮ್‌ನ ಪ್ಲೇಯರ್ಸ್ ಕಂಪೆನಿಯೂ ಇದೇ ಹಾದಿ ಹಿಡಿಯಿತು. ತಂದೆ ಸೇದಿದ ಸಿಗರೇಟಿನ ಚಿತ್ರ ಮಗನ ಜೇಬು ಸೇರುವುದು, ಮಕ್ಕಳು ಬೀದಿಯಲ್ಲಿ ವಿನಿಮಯ ಮಾಡಿಕೊಳ್ಳುವುದು ಅಲ್ಲಿನ ದಿನಚರಿಯಾಯಿತು.

ತಂಬಾಕು ಮಕ್ಕಳನ್ನು ತನ್ನತ್ತ ಸೆಳೆದುಕೊಂಡ ಬಗೆಯೂ ಇದರಲ್ಲಿದೆ. 1909ರಿಂದ 1911ರವರೆಗೆ ಅಮೆರಿಕದಲ್ಲಿ ಬಂದ ಮಾಲೆಯೊಂದರಲ್ಲಿ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡು ಬೇಗನೆ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಬೇಡವೆಂದು ಆತ ತಡೆದನೆಂಬುದು ಒಂದು ವಿವರಣೆ; ಹಣದ ವಿಷಯದಲ್ಲಿ ಹೊಂದಿಕೆಯಾಗಲಿಲ್ಲವೆಂಬುದು ಇನ್ನೊಂದು. ನಿಂತುಹೋದದ್ದರಿಂದಲೇ ಅದು ಅಪರೂಪವಾಯಿತು. 2022ರಲ್ಲಿ ಅದರ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು.

ಇಂಥ ಕಾರ್ಡನ್ನು ಗುರುತಿಸುವುದಕ್ಕೆ ಒಂದು ಕ್ರಮವಿದೆ. ಮೊದಲು ಹಿಂಬದಿ ನೋಡಬೇಕು. ಕಂಪೆನಿಯ ಹೆಸರು, ಮಾಲೆಯ ಹೆಸರು, ಕ್ರಮಸಂಖ್ಯೆ ಸಾಮಾನ್ಯವಾಗಿ ಅಲ್ಲಿರುತ್ತವೆ. ಹಿಂಬದಿಯಲ್ಲಿ ಅಂಟು ಇದ್ದರೆ ಅದು 1930ರ ದಶಕದ್ದಾಗಿರುವ ಸಂಭವ ಹೆಚ್ಚು. ಆಲ್ಬಮ್ಮಿಗೆ ಅಂಟಿಸಲೆಂದು ಆಗ ಹಾಗೆ ಮಾಡುತ್ತಿದ್ದರು. ಎರಡನೆಯದು, ಅಲ್ಲಿ ಬರೆದ ವಿವರಗಳಲ್ಲಿ ಕೊನೆಯ ಘಟನೆ ಯಾವುದು ಎಂಬುದು. ಆ ಘಟನೆಗಿಂತ ಮೊದಲು ಕಾರ್ಡು ಅಚ್ಚಾಗಿರುವುದು ಸಾಧ್ಯವಿಲ್ಲ. ಮೂರನೆಯದು ಕಾಗದ. ನೇರಳಾತೀತ ದೀಪದಡಿ ಹಿಡಿದಾಗ ಕಾಗದ ನೀಲಿಯಾಗಿ ಹೊಳೆದರೆ ಅದು ಎರಡನೆಯ ಮಹಾಯುದ್ಧದ ನಂತರ ಬಂದ ಬಿಳುಪುಕಾರಕ ಸೇರಿದ ಕಾಗದ; ಅಂದರೆ ಹಳೆಯದರ ನಕಲು. ನಾಲ್ಕನೆಯದು ಹೆಸರು. ಎಲ್ಲಕ್ಕಿಂತ ಸುಲಭವೆಂದು ತೋರುವ ಈ ಕುರುಹೇ ಎಲ್ಲಕ್ಕಿಂತ ತೊಡಕಿನದು.

‘ಪಟೌಡಿ’ ಎಂದ ಕೂಡಲೇ ನಮ್ಮಲ್ಲಿ ಬಹಳಷ್ಟು ಜನರಿಗೆ ನೆನಪಾಗುವುದು ಮನ್ಸೂರ್ ಅಲಿ ಖಾನ್. 1962ರಲ್ಲಿ 21ರ ವಯಸ್ಸಿನಲ್ಲಿ ಭಾರತ ತಂಡದ ನಾಯಕನಾದವರು. ಆದರೆ ಮಿತ್ರರು ಕಳುಹಿಸಿದ್ದು ಪ್ಲೇಯರ್ಸ್ ಕಂಪೆನಿಯ 1934ರ ಕ್ರಿಕೆಟಿಗರ ಮಾಲೆಯ ಕಾರ್ಡು. ಮನ್ಸೂರ್ ಆಗಿನ್ನೂ ಹುಟ್ಟಿರಲಿಲ್ಲ. ಕಾರ್ಡಿನಲ್ಲಿರುವವರು ತಂದೆ ಇಫ್ತಿಖಾರ್ ಅಲಿ ಖಾನ್. 1910ರಲ್ಲಿ ಜನಿಸಿ, ಆಕ್ಸ್‌ಫರ್ಡಿನಲ್ಲಿ ಓದಿ, 1931ರಲ್ಲಿ ಕೇಂಬ್ರಿಜ್ ವಿರುದ್ಧ ಔಟಾಗದೆ 238 ರನ್ ಗಳಿಸಿದವರು. ನಂತರ ವೂಸ್ಟರ್‌ಶೈರ್ ತಂಡಕ್ಕೆ ಆಡಿದರು. ಭಾರತ ತನ್ನ ಮೊದಲ ಟೆಸ್ಟ್ ಆಡಿದ್ದು 1932ರ ಜೂನಿನಲ್ಲಿ, ಲಾರ್ಡ್ಸ್‌ನಲ್ಲಿ. ಅದೇ ವರ್ಷದ ಕೊನೆಗೆ ಇಫ್ತಿಖಾರ್ ಇಂಗ್ಲೆಂಡ್ ತಂಡದೊಂದಿಗೆ ಆಸ್ಟ್ರೇಲಿಯಾದಲ್ಲಿದ್ದರು.

ಅದು ‘ಬಾಡಿಲೈನ್’ ಎಂದು ಕುಖ್ಯಾತವಾದ ಪ್ರವಾಸ. ಬ್ರಾಡ್‌ಮನ್‌ರನ್ನು ಕಟ್ಟಿಹಾಕಲು ನಾಯಕ ಡಗ್ಲಸ್ ಜಾರ್ಡಿನ್ ಬ್ಯಾಟುಗಾರನ ಮೈಮೇಲೆ ಚೆಂಡೆಸೆಯುವ ತಂತ್ರ ಹೂಡಿದರು. ಸಿಡ್ನಿಯ ಮೊದಲ ಟೆಸ್ಟಿನಲ್ಲಿ ಇಫ್ತಿಖಾರ್ 102 ರನ್ ಹೊಡೆದರು. ಅದು ಅವರ ಮೊದಲ ಟೆಸ್ಟ್. ಆದರೆ ಆ ತಂತ್ರಕ್ಕಾಗಿ ಲೆಗ್ ಬದಿಯಲ್ಲಿ ಒತ್ತೊತ್ತಾಗಿ ನಿಲ್ಲಿಸುತ್ತಿದ್ದ ಕ್ಷೇತ್ರರಕ್ಷಣೆಗೆ ಹೋಗಲು ಒಪ್ಪಲಿಲ್ಲ. ನಾಯಕ ವ್ಯಂಗ್ಯವಾಡಿ ಬೇರೊಬ್ಬನನ್ನು ನಿಲ್ಲಿಸಿದರೆಂದು ಆ ಕಾಲದವರು ದಾಖಲಿಸಿದ್ದಾರೆ. ಎರಡನೆಯ ಟೆಸ್ಟಿನ ನಂತರ ಅವರನ್ನು ತಂಡದಿಂದ ಕೈಬಿಡಲಾಯಿತು. ಆ ಟೆಸ್ಟಿನಲ್ಲಿ ಅವರಿಗೆ ಹೆಚ್ಚು ರನ್ ಬರಲಿಲ್ಲ ಎಂಬುದೂ ನಿಜ. ಹಾಗೆ ಚೆಂಡೆಸೆಯಲು ಒಪ್ಪದಿದ್ದ ಇನ್ನೊಬ್ಬ ಆಟಗಾರ, ವೇಗದ ಬೌಲರ್ ಗಬಿ ಆಲೆನ್, ಮಾತ್ರ ತಂಡದಲ್ಲೇ ಉಳಿದರು.

ಇಂಗ್ಲೆಂಡಿಗೆ ಆಡಿದ ಭಾರತೀಯರಲ್ಲಿ ಇವರು ಮೊದಲಿಗರಲ್ಲ. ರಣಜಿತ್‌ಸಿಂಹಜಿ 1896ರಲ್ಲಿ ಮ್ಯಾಂಚೆಸ್ಟರಿನ ತಮ್ಮ ಮೊದಲ ಟೆಸ್ಟಿನಲ್ಲೇ 62 ಮತ್ತು ಔಟಾಗದೆ 154 ರನ್ ಗಳಿಸಿದರು. ಅದಕ್ಕೆ ಮೊದಲು ಲಾರ್ಡ್ಸ್ ಟೆಸ್ಟಿಗೆ ಅವರನ್ನು ಆರಿಸಿರಲಿಲ್ಲ. ಅವರ ಸಹೋದರನ ಮಗ ದುಲೀಪ್‌ಸಿಂಹಜಿ 1929ರಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಒಂದೇ ಟೆಸ್ಟ್ ಆಡಿ ಹೊರಗುಳಿದರು. ಪ್ರವಾಸಿ ತಂಡಕ್ಕೆ ಅವರ ಮೈಬಣ್ಣ ಹಿಡಿಸಲಿಲ್ಲವೆಂಬ ಮಾತು ಆಗಲೇ ಇತ್ತು. ಮರುವರ್ಷ ಲಾರ್ಡ್ಸ್‌ನಲ್ಲಿ ಅವರು ಆಸ್ಟ್ರೇಲಿಯಾ ವಿರುದ್ಧ 173 ರನ್ ಬಾರಿಸಿದರು. ಮೈದಾನದಲ್ಲಿ ಅನುಮಾನದಿಂದ ನೋಡಿದ ಸಾಮ್ರಾಜ್ಯವೇ ಅಂಗಡಿಯಲ್ಲಿ ಇವರ ಚಿತ್ರ ಹಂಚಿ ಸಿಗರೇಟು ಮಾರಿತು. ಅರಮನೆಯ ಬಿರುದು ಕೊಳ್ಳುವವನಿಗೆ ಸೊಗಸಾಗಿ ಕಂಡಿತು; ಬಿರುದಿನ ಹಿಂದಿನ ಮನುಷ್ಯ ಅದರಲ್ಲಿ ಮರೆಯಾದ.

1946ರಲ್ಲಿ ಇಫ್ತಿಖಾರ್ ಭಾರತ ತಂಡದ ನಾಯಕರಾಗಿ ಇಂಗ್ಲೆಂಡಿಗೆ ಮರಳಿದರು. ಎರಡೂ ದೇಶಗಳಿಗೆ ಟೆಸ್ಟ್ ಆಡಿದ ಆಟಗಾರ ಅವರೊಬ್ಬರೇ. ಆದರೆ ಪ್ಲೇಯರ್ಸ್ ಪೊಟ್ಟಣದಲ್ಲಿ ಭಾರತದ ನಾಯಕನ ಚಿತ್ರ ಬರಲಿಲ್ಲ. ಯುದ್ಧಕಾಲದ ಕಾಗದದ ಅಭಾವದಿಂದ 1940ರಲ್ಲೇ ಇಂಗ್ಲೆಂಡಿನಲ್ಲಿ ಈ ಕಾರ್ಡುಗಳು ನಿಂತಿದ್ದವು. 1952ರ ಜನವರಿ 5ರಂದು, ಮಗನ ಹನ್ನೊಂದನೆಯ ಹುಟ್ಟುಹಬ್ಬದ ದಿನ, ಅವರು ದಿಲ್ಲಿಯಲ್ಲಿ ಪೋಲೋ ಆಡುತ್ತಿದ್ದಾಗ ನಿಧನರಾದರು. ಆ ಮಗನ ಕಾಲಕ್ಕೆ ಬಿರುದೇ ಹೋಯಿತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯು ರಾಜಪದವಿಗಳ ಮಾನ್ಯತೆಯನ್ನು ರದ್ದು ಮಾಡಿದ ಮೇಲೆ ‘ನವಾಬ್ ಆಫ್ ಪಟೌಡಿ’ ಅಂಕಪಟ್ಟಿಯಲ್ಲಿ ಮನ್ಸೂರ್ ಅಲಿ ಖಾನ್ ಆದರು. ಅಪ್ಪನ ಕಾರ್ಡಿನಲ್ಲಿ ಇಲ್ಲದ ಸ್ವಂತ ಹೆಸರು ಮಗನಿಗೆ ಗಣರಾಜ್ಯದಿಂದ ದೊರೆಯಿತು.

ಹೆಸರಿನ ಇನ್ನೊಂದು ಕಥೆ ಮುಹಮ್ಮದ್ ಅಲಿಯವರದು. ಅವರ ಮೊದಲ ಕಾರ್ಡೆಂದು ಸಂಗ್ರಾಹಕರು ಎಣಿಸುವುದು 1960ರಲ್ಲಿ ಸ್ವೀಡನ್ನಿನ ‘ಹೆಮ್ಮೆಟ್ಸ್ ಜರ್ನಲ್’ ಪತ್ರಿಕೆಯಲ್ಲಿ ಬಂದದ್ದನ್ನು. ಅದರಲ್ಲಿರುವುದು ಕ್ಯಾಸಿಯಸ್ ಕ್ಲೇ. 1964ರ ಮಾರ್ಚಿನಲ್ಲಿ ಅವರು ಹೊಸ ಹೆಸರು ಪಡೆದರು. ಆದರೂ ಎಷ್ಟೋ ಪತ್ರಿಕೆಗಳು ವರ್ಷಗಟ್ಟಲೆ ಹಳೆಯ ಹೆಸರನ್ನೇ ಅಚ್ಚು ಹಾಕಿದವು. ಹಾಗಾಗಿ ‘ಕ್ಲೇ’ ಎಂದಿರುವ ಮಾತ್ರಕ್ಕೆ ಕಾರ್ಡು 1964ಕ್ಕಿಂತ ಹಿಂದಿನದೆಂದು ಹೇಳಲಾಗದು. ಮನುಷ್ಯ ತಾನು ಆರಿಸಿಕೊಂಡ ಹೆಸರಿನಿಂದ ಕರೆಯಿರೆಂದು ಕೇಳಿದರೂ ಕರೆಯದವರ ಹಟ ಆ ಕಾಗದದಲ್ಲಿ ಉಳಿದಿದೆ.

ಇನ್ನು ಕೆಲವರಿಗೆ ಕಾರ್ಡೇ ಇಲ್ಲ. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಕಣಕ್ಕಿಳಿಯುವವರೆಗೆ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಕರಿಯರಿಗೆ ದಶಕಗಳ ಕಾಲ ಪ್ರವೇಶವಿರಲಿಲ್ಲ. ಆ ಲೀಗಿನ ಆಟಗಾರರ ಚಿತ್ರಮಾಲೆಗಳಲ್ಲೂ ಅವರಿಲ್ಲ. ಆಸ್ಕರ್ ಚಾರ್ಲ್ಸ್ಟನ್ ಎಂಬ ಮಹಾನ್ ಆಟಗಾರನ ಮುಖ ಸಿಗುವುದು 1923–24ರ ಕ್ಯೂಬಾದ ‘ಬಿಲ್ಲಿಕೆನ್’ ಸಿಗರೇಟಿನ ಕಾರ್ಡಿನಲ್ಲಿ. ಸ್ವದೇಶ ಮರೆತವನನ್ನು ನೆರೆಯ ದ್ವೀಪ ನೆನಪಿಟ್ಟುಕೊಂಡಿತು.

ಈ ಚೂರುಗಳು ನಮಗೆ ಉಳಿದಿರುವುದು ಜೆಫರ್ಸನ್ ಬರ್ಡಿಕ್‌ರಂಥವರ ಶ್ರಮದಿಂದ. ಅಮೆರಿಕದ ಸಿರಾಕ್ಯೂಸಿನ ಸಾಮಾನ್ಯ ಕಾರ್ಮಿಕರಾಗಿದ್ದ ಇವರು ಕಾರ್ಡುಗಳಿಗೆ ಸೂಚಿ ತಯಾರಿಸಿ, ತಮ್ಮ 3 ಲಕ್ಷಕ್ಕೂ ಹೆಚ್ಚಿನ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟರು. ಸಂಧಿವಾತದಿಂದ ಬೆರಳು ಬಾಗದ ಸ್ಥಿತಿಯಲ್ಲೂ ತಾವೇ ಕುಳಿತು ಅಂಟಿಸಿದರು. ಕೆಲಸ ಮುಗಿದ ಕೆಲವೇ ವಾರಗಳಲ್ಲಿ, 1963ರಲ್ಲಿ, ತೀರಿಕೊಂಡರು.

ನಮ್ಮ ನಾಡಿನಲ್ಲೂ 1980ರ ದಶಕದ ಮಕ್ಕಳು ‘ಬಿಗ್ ಫನ್’ ಬಬಲ್‌ಗಮ್ಮಿನ ಕ್ರಿಕೆಟ್ ಚಿತ್ರಗಳನ್ನು ಕೂಡಿಡುತ್ತಿದ್ದರು. ಅವು ಈಗ ಹಳೆಯ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತಿರಬಹುದು. ಓದುಗರ ಮನೆಯಲ್ಲಿ ಇಂಥವು ಸಿಕ್ಕಿದರೆ ಬಿಸಾಡುವ ಮೊದಲು ಹಿಂಬದಿಯನ್ನೊಮ್ಮೆ ಓದಿ, ಯಾರು, ಯಾವ ವರ್ಷ, ಯಾರಿಂದ ಬಂತು ಎಂದು ಒಂದು ಚೀಟಿಯಲ್ಲಿ ಬರೆದಿಡಲಿ. ಮಿತ್ರರ ಕಾರ್ಡಿನ ಜೊತೆ ನಾವು ಇಟ್ಟ ಚೀಟಿಯಲ್ಲಿ ಹೀಗೆ ಬರೆದಿದ್ದೇವೆ: ಇಫ್ತಿಖಾರ್ ಅಲಿ ಖಾನ್, 1934.