ಶಿಕ್ಷಕರೇ ಶಿಕ್ಷಕರಿಗೆ ಗುರುಗಳಾದ ಹೋಶಂಗಾಬಾದ್ ಪ್ರಯೋಗ

ಮಧ್ಯಪ್ರದೇಶದ ನರ್ಮದಾ ತೀರದಲ್ಲಿರುವ ಹೋಶಂಗಾಬಾದ್ ಜಿಲ್ಲೆಯ (2022ರಿಂದ ನರ್ಮದಾಪುರಂ) 16 ಶಾಲೆಗಳಲ್ಲಿ 1972ರಲ್ಲಿ ಒಂದು ಹೊಸ ಬಗೆಯ ವಿಜ್ಞಾನ ಶಿಕ್ಷಣ ಕಾರ್ಯಕ್ರಮ ಆರಂಭವಾಯಿತು. ಆರರಿಂದ ಎಂಟನೆಯ ತರಗತಿಯವರೆಗಿನ ಗ್ರಾಮೀಣ ಮಕ್ಕಳು ಪಾಠವನ್ನು ಉರು ಹೊಡೆಯದೆ ಕೈಯಾರೆ ಪ್ರಯೋಗ ಮಾಡಿ ಕಲಿಯಬೇಕೆಂಬುದು ಅದರ ಆಶಯ. ಮಕ್ಕಳ ಪ್ರಯೋಗಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಆದರೆ ಅದರ ಬೆನ್ನೆಲುಬಾಗಿದ್ದ ಶಿಕ್ಷಕರ ಪರಸ್ಪರ ಕಲಿಕೆಯ ವ್ಯವಸ್ಥೆಯ ಬಗ್ಗೆ ಕನ್ನಡದಲ್ಲಿ ಚರ್ಚೆ ಕಡಿಮೆ. ಆದ್ದರಿಂದ ಆ ಒಂದು ಅಂಶವನ್ನೇ ಇಲ್ಲಿ ಪರಿಚಯಿಸಲು ಬಯಸುತ್ತೇವೆ.

ಕಾರ್ಯಕ್ರಮವನ್ನು ಆರಂಭಿಸಿದವು ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸ್ವಯಂಸೇವಾ ಸಂಸ್ಥೆಗಳು. ಕಿಶೋರ್ ಭಾರತಿಯನ್ನು ಸ್ಥಾಪಿಸಿದ ಅನಿಲ್ ಸದ್ಗೋಪಾಲ್ ಅವರು ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ತೊರೆದು ಹಳ್ಳಿಗೆ ಹೋದವರು. ಅದೇ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಈ ಕಾರ್ಯಕ್ಕೆ ಕೈಜೋಡಿಸಿದರು. ಪುಣೆಯ ಟೆಲ್ಕೋ ಕಾರ್ಖಾನೆಯಿಂದ 1978ರಲ್ಲಿ ಒಂದು ವರ್ಷದ ರಜೆ ಪಡೆದು ಅಲ್ಲಿಗೆ ತೆರಳಿದ ಯುವ ಇಂಜಿನಿಯರ್ ಒಬ್ಬರು ಮುಂದೆ ಕಸದಿಂದ ಆಟಿಕೆ ತಯಾರಿಸುವ ಅರವಿಂದ ಗುಪ್ತಾ ಎಂದು ದೇಶಕ್ಕೆಲ್ಲ ಪರಿಚಿತರಾದರು. ಅದೇ 1978ರಲ್ಲಿ ಕಾರ್ಯಕ್ರಮವು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ವಿಸ್ತರಿಸಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಹೊಣೆಯನ್ನು ವಹಿಸಿಕೊಂಡಿತು.

ಇಲ್ಲಿ ಬಳಸಿದ 'ಬಾಲ ವೈಜ್ಞಾನಿಕ' ಎಂಬ ಪುಸ್ತಕದ ವೈಶಿಷ್ಟ್ಯವನ್ನು ಅರಿಯದೆ ಮುಂದಿನದು ಅರ್ಥವಾಗದು. ಅದರಲ್ಲಿ ಪ್ರಯೋಗಗಳಿದ್ದವು, ಪ್ರಶ್ನೆಗಳಿದ್ದವು, ಉತ್ತರಗಳು ಮಾತ್ರ ಇರಲಿಲ್ಲ. ನಾಲ್ಕು ನಾಲ್ಕು ಮಕ್ಕಳ ತಂಡಗಳು ಒಂದೇ ಮೇಜಿನ ಉದ್ದವನ್ನು ಅಳೆದು ಬೇರೆ ಬೇರೆ ಅಂಕಿಗಳನ್ನು ಹೇಳಿದರೆ ಶಿಕ್ಷಕರು ಯಾವುದನ್ನು ಸರಿಯೆನ್ನಬೇಕು? ಬೀಜ ಮೊಳೆಯದಿದ್ದರೆ, ಮಗುವೊಂದು ಪುಸ್ತಕದಲ್ಲೇ ಇಲ್ಲದ ಪ್ರಶ್ನೆ ಕೇಳಿದರೆ? ಮಾರ್ಗದರ್ಶಿಯ ಪುಟ ತಿರುವಿ ಪಾರಾಗುವ ದಾರಿ ಮುಚ್ಚಿತ್ತು. ಹೀಗಾಗಿ ಪಕ್ಕದೂರಿನ ಸಹೋದ್ಯೋಗಿಯೇ ಶಿಕ್ಷಕರಿಗೆ ಆಸರೆಯಾದರು.

ಬೇಸಿಗೆ ರಜೆಯಲ್ಲಿ ಸುಮಾರು ಮೂರು ವಾರಗಳ ಶಿಬಿರ ನಡೆಯುತ್ತಿತ್ತು. ಆರು, ಏಳು, ಎಂಟನೆಯ ತರಗತಿಗಳಿಗೆ ಒಂದೊಂದರಂತೆ ಶಿಕ್ಷಕರು ಮೂರು ಶಿಬಿರಗಳಲ್ಲಿ ಭಾಗವಹಿಸಬೇಕಿತ್ತು. ಉಪನ್ಯಾಸ ಅಲ್ಪ. ಶಿಕ್ಷಕರು ಮಕ್ಕಳಂತೆಯೇ ತಂಡಗಳಾಗಿ ಕುಳಿತು ಪುಸ್ತಕದ ಪ್ರಯೋಗಗಳನ್ನು ಸ್ವತಃ ಮಾಡಿ, ಫಲಿತಾಂಶಗಳ ಬಗ್ಗೆ ವಾದಿಸುತ್ತಿದ್ದರು. ನಮ್ಮ ಬ್ಯಾಂಕಿಂಗ್ ವೃತ್ತಿಯಲ್ಲೂ ತರಬೇತಿಗಳಿಗೆ ಬರವಿಲ್ಲ. ತಂಪಾದ ಕೊಠಡಿ, ಚೆಂದದ ಕಡತ, ಕೊನೆಗೊಂದು ಪ್ರಮಾಣಪತ್ರ. ಮರಳಿ ಶಾಖೆಗೆ ಬಂದ ಮೇಲೆ ಏನು ಅನ್ವಯವಾಯಿತೆಂದು ಕೇಳುವವರಿಲ್ಲ. ಹೋಶಂಗಾಬಾದಿನವರು ಈ ಕೊರತೆಯನ್ನು ಮೊದಲೇ ಗ್ರಹಿಸಿದ್ದರೆಂಬುದು ಮೆಚ್ಚತಕ್ಕ ಸಂಗತಿ.

ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಮಾಸಿಕ ಗೋಷ್ಠಿ. ಸುತ್ತಲಿನ ಹಲವು ಶಾಲೆಗಳಿಗೆ ಒಂದು 'ಸಂಗಮ ಕೇಂದ್ರ'. ತಿಂಗಳಿಗೊಮ್ಮೆ ಶಿಕ್ಷಕರು ಅಲ್ಲಿ ಸೇರಿ, ಕಳೆದ ತಿಂಗಳು ಮಾಡಿದ ಪಾಠಗಳಲ್ಲಿ ಎಲ್ಲಿ ಎಡವಿದೆವು, ಯಾವ ಪ್ರಯೋಗ ಕೈಕೊಟ್ಟಿತು, ಮಕ್ಕಳು ಏನು ಕೇಳಿದರು ಎಂಬುದನ್ನು ತೆರೆದಿಡುತ್ತಿದ್ದರು. ಮುಂದಿನ ಪಾಠಗಳಿಗೆ ಸಿದ್ಧತೆಯನ್ನೂ ನಡೆಸುತ್ತಿದ್ದರು. ನಡುವಿನ ದಿನಗಳಲ್ಲಿ ಅನುಭವಿಗಳು ಶಾಲೆಗಳಿಗೆ ಭೇಟಿ ನೀಡುತ್ತಿದ್ದರು; ತಪ್ಪು ಹಿಡಿಯುವ ಇನ್ಸ್‌ಪೆಕ್ಟರ್ ಆಗಿ ಅಲ್ಲ, ತರಗತಿಯಲ್ಲಿ ಜೊತೆಗೂಡಲು. ಗೋಷ್ಠಿಗಳಲ್ಲಿ ಬಂದ ಅಭಿಪ್ರಾಯಗಳು ಪುಸ್ತಕದ ಪರಿಷ್ಕರಣೆಗೆ ಆಧಾರವಾದವು. ಆರಂಭದಲ್ಲಿ ತರಬೇತಿ ಪಡೆಯಲು ಬಂದ ಶಾಲಾ ಶಿಕ್ಷಕರೇ ಕಾಲಕ್ರಮೇಣ ತರಬೇತಿ ನೀಡುವವರಾದರು. ನಮ್ಮ ದೃಷ್ಟಿಯಲ್ಲಿ ಇಡೀ ಕಾರ್ಯಕ್ರಮದ ಅತಿದೊಡ್ಡ ಸಾಧನೆ ಇದೇ. ಪ್ರಾಧ್ಯಾಪಕರ ಎದುರು 'ನನಗೆ ಗೊತ್ತಿಲ್ಲ' ಎನ್ನಲು ಹಳ್ಳಿಯ ಮೇಷ್ಟರು ಅಳುಕದ, ಪ್ರಾಧ್ಯಾಪಕರೂ ಅದೇ ಮಾತನ್ನು ಹೇಳಬಲ್ಲ ವಾತಾವರಣ ಸರ್ಕಾರಿ ಆದೇಶದಿಂದ ನಿರ್ಮಾಣವಾಗುವಂಥದಲ್ಲ.

ಆದರೆ ಆದೇಶವೊಂದರಿಂದ ಅದು ನಿಲ್ಲಬಹುದು. ಹಲವು ಜಿಲ್ಲೆಗಳ ಸಾವಿರದಷ್ಟು ಶಾಲೆಗಳಿಗೆ, ಲಕ್ಷದಷ್ಟು ಮಕ್ಕಳಿಗೆ ತಲುಪಿದ್ದ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯ ಸರ್ಕಾರ ಕೊನೆಗೊಳಿಸಿತು. ರಾಜ್ಯಕ್ಕೆಲ್ಲ ಏಕರೂಪದ ಪಠ್ಯವಿರಬೇಕೆಂಬುದು ಮುಖ್ಯ ಕಾರಣವಾಗಿತ್ತು. ಪಠ್ಯ ಬದಲಾಯಿಸಲು ಸರ್ಕಾರಕ್ಕೆ ಅಧಿಕಾರವುಂಟು, ಒಪ್ಪೋಣ. ಆದರೆ ಪುಸ್ತಕದ ಜೊತೆಗೆ ಮೂವತ್ತು ವರ್ಷಗಳಲ್ಲಿ ಬೆಳೆದ ಗೋಷ್ಠಿಗಳ ಜಾಲವೂ ಆಧಾರ ಕಳೆದುಕೊಂಡಿತು. ಪುಸ್ತಕವನ್ನು ಮರುಮುದ್ರಿಸಬಹುದು, ಚದುರಿದ ಶಿಕ್ಷಕ ಸಮುದಾಯವನ್ನು ಮತ್ತೆ ಕೂಡಿಸುವುದು ಅಷ್ಟು ಸುಲಭವಲ್ಲ.

ಕರ್ನಾಟಕದಲ್ಲೂ ಇದಕ್ಕೆ ಸಮೀಪದ ಅನುಭವವೊಂದಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು, 1995ರಲ್ಲಿ 'ನಲಿ-ಕಲಿ'ಯನ್ನು ಆರಂಭಿಸಿದರು. ಕಲಿಕಾ ಕಾರ್ಡುಗಳನ್ನು ಶಿಕ್ಷಕರೇ ಕೂಡಿ ರಚಿಸಿದ್ದು ಅದರ ಜೀವಾಳ. ಮುಂದೆ ಅದು ರಾಜ್ಯವ್ಯಾಪಿಯಾದಾಗ ಸಿದ್ಧ ಕಾರ್ಡುಗಳು ಮೇಲಿನಿಂದ ಬಂದವು. ಕಾರ್ಡನ್ನು ತಾನೇ ಬರೆದ ಶಿಕ್ಷಕಿಗೂ ಕಟ್ಟು ಬಿಚ್ಚಿ ಹಂಚುವ ಶಿಕ್ಷಕಿಗೂ ಇರುವ ಅಂತರ ಸಣ್ಣದಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯನ್ನು ನಿರೀಕ್ಷಿಸುತ್ತದೆ. 2017ರಲ್ಲಿ ಆರಂಭವಾದ ದೀಕ್ಷಾ ಜಾಲತಾಣದ ಮೂಲಕ ಮನೆಯಲ್ಲೇ ಕುಳಿತು ಪಾಠಗಳನ್ನು ಮುಗಿಸಬಹುದು. ಗಂಟೆಗಳ ಲೆಕ್ಕ ಸುಲಭ, ಲೆಕ್ಕದ ವೃತ್ತಿಯವರಾದ ನಮಗದು ಚೆನ್ನಾಗಿ ಗೊತ್ತು. ಆ ಗಂಟೆಗಳಲ್ಲಿ ಎಷ್ಟು ಹೊತ್ತು ಇಬ್ಬರು ಶಿಕ್ಷಕರು ಎದುರುಬದುರು ಕುಳಿತು ಒಂದು ಪಾಠದ ಬಗ್ಗೆ ಮಾತನಾಡಿದರು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ ಇದು ಇನ್ನೂ ತೀವ್ರ. ಅವರು ಬೋಧಿಸುವುದು ಮಹಾರಾಷ್ಟ್ರದ ಬಾಲಭಾರತಿಯ ಪಠ್ಯಕ್ರಮವನ್ನು, ಬೋಧಿಸುವ ಭಾಷೆ ಕನ್ನಡ. ಕರ್ನಾಟಕದ ತರಬೇತಿ ಅವರಿಗೆ ಪೂರ್ತಿ ಹೊಂದದು. ಇಲ್ಲಿಯ ತರಬೇತಿಯಲ್ಲಿ ಅವರ ಭಾಷೆಯಿಲ್ಲ. ವಿಜ್ಞಾನದ ಪದವೊಂದನ್ನು ಮಗುವಿಗೆ ಕನ್ನಡದಲ್ಲಿ ಹೇಗೆ ವಿವರಿಸಬೇಕೆಂದು ಕೇಳಲು ಅದೇ ವಿಷಯ ಬೋಧಿಸುವ ಮತ್ತೊಬ್ಬ ಕನ್ನಡ ಶಿಕ್ಷಕರು ಅದೇ ಶಾಲೆಯಲ್ಲಿ ಇರಲಾರರು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸಂಘದ ಸಭಾಗೃಹವೊಂದನ್ನು ಇವರಿಗೆ ಬಿಟ್ಟುಕೊಟ್ಟು, ಚಹಾ-ತಿಂಡಿಯ ಏರ್ಪಾಡು ಮಾಡಿ, ಭಾಷಣಕಾರರನ್ನು ಮಾತ್ರ ಕರೆಯದಿದ್ದರೆ, ಸಂಗಮ ಕೇಂದ್ರವೊಂದಕ್ಕೆ ಬೇಕಾದದ್ದು ಬಹುಮಟ್ಟಿಗೆ ಒದಗಿದಂತಾಯಿತು.