ಆರಂಭಿಕ ಗರ್ಭಸ್ರಾವದ ನಂತರದ ಋತುಸ್ರಾವ

ಗರ್ಭಧಾರಣೆಯ ಮೊದಲ 12 ವಾರಗಳೊಳಗೆ ಗರ್ಭವು ತಾನಾಗಿಯೇ ನಷ್ಟವಾಗುವುದನ್ನು ಆರಂಭಿಕ ಗರ್ಭಸ್ರಾವ ಎನ್ನುತ್ತಾರೆ. ಇದರ ಬಳಿಕ ಮರಳುವ ಮೊದಲ ಒಂದೆರಡು ಮುಟ್ಟುಗಳಲ್ಲಿ ಸ್ರಾವವೂ ನೋವೂ ಹಿಂದಿಗಿಂತ ಹೆಚ್ಚಾಗಿರಬಹುದು. ಸಾಮಾನ್ಯವಾಗಿ ಇದು ತಾತ್ಕಾಲಿಕ ಸ್ಥಿತಿ. ಕೆಲವರಲ್ಲಿ ಮಾತ್ರ ಚಿಕಿತ್ಸೆ ಬೇಕಾದ ತೊಂದರೆಯ ಸೂಚನೆಯಾಗಿರುತ್ತದೆ.

ಋತುಚಕ್ರದ ಮರಳುವಿಕೆ

ಗರ್ಭಸ್ರಾವದ ನಂತರ ರಕ್ತದಲ್ಲಿನ ಎಚ್‌ಸಿಜಿ ಹಾರ್ಮೋನು ಕ್ರಮೇಣ ಇಳಿಯುತ್ತದೆ. ಅನಂತರ ಅಂಡಾಶಯಗಳು ಮತ್ತೆ ಕಾರ್ಯನಿರತವಾಗಿ, ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಮುಟ್ಟು ಬರುತ್ತದೆ. ಅಂಡೋತ್ಪತ್ತಿಯು ಅದಕ್ಕೂ ಮೊದಲೇ ಆಗುವುದರಿಂದ, ಮುಟ್ಟು ಬರುವ ಮುನ್ನವೇ ಪುನಃ ಗರ್ಭ ನಿಲ್ಲುವ ಸಾಧ್ಯತೆಯಿದೆ.

ಕಾರಣಗಳು

* ಅಂಡೋತ್ಪತ್ತಿಯಿಲ್ಲದ ಋತುಚಕ್ರ: ಪ್ರೊಜೆಸ್ಟರಾನ್ ಕೊರತೆಯಿಂದ ಗರ್ಭಾಶಯದ ಒಳಪದರವು ದಪ್ಪವಾಗಿ ಬೆಳೆದು, ಕಳಚುವಾಗ ಹೆಚ್ಚು ರಕ್ತ ಹೋಗುತ್ತದೆ.
* ಗರ್ಭದ ಅಂಗಾಂಶವು ಗರ್ಭಾಶಯದಲ್ಲಿ ಉಳಿದಿರುವುದು.
* ಗರ್ಭಾಶಯದ ಸೋಂಕು.
* ಮೊದಲಿನಿಂದಲೂ ಇದ್ದ ಫೈಬ್ರಾಯ್ಡ್ ಗಡ್ಡೆ, ಅಡಿನೋಮಯೋಸಿಸ್, ಥೈರಾಯ್ಡ್ ದೋಷ ಅಥವಾ ರಕ್ತ ಹೆಪ್ಪುಗಟ್ಟುವಿಕೆಯ ದೋಷ.

ಮುಟ್ಟೆಂದು ಭಾವಿಸಿದ ರಕ್ತಸ್ರಾವವು ಹೊಸ ಗರ್ಭದ ಅಥವಾ ಗರ್ಭನಾಳದಲ್ಲಿ ನಿಂತ ಗರ್ಭದ ಲಕ್ಷಣವೂ ಆಗಿರಬಹುದು. ಗರ್ಭಾಶಯದ ಗೋಡೆಗಳು ಅಂಟಿಕೊಳ್ಳುವ ಆಶರ್ಮನ್ ಸಿಂಡ್ರೋಮ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಸ್ರಾವವು ಕಡಿಮೆಯಾಗುತ್ತದೆ ಇಲ್ಲವೇ ನಿಂತುಹೋಗುತ್ತದೆ.

ಅಪಾಯದ ಲಕ್ಷಣಗಳು

ಸತತ ಎರಡು ಗಂಟೆಗಳ ಕಾಲ ಗಂಟೆಗೆ ಎರಡು ಪ್ಯಾಡ್‌ಗಳು ಪೂರ್ಣವಾಗಿ ತೊಯ್ಯುವುದು, 38 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಜ್ವರ, ದುರ್ವಾಸನೆಯ ಸ್ರಾವ, ತಲೆಸುತ್ತು, ಮೂರ್ಛೆ, ಹೊಟ್ಟೆಯ ಒಂದು ಪಕ್ಕದಲ್ಲಿ ಅಥವಾ ಭುಜದ ತುದಿಯಲ್ಲಿ ತೀವ್ರ ನೋವು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಏಳು ದಿನಗಳಿಗಿಂತ ಹೆಚ್ಚು ಕಾಲ ಮುಂದುವರಿಯುವ ಸ್ರಾವಕ್ಕೂ ವೈದ್ಯರ ಸಲಹೆ ಅಗತ್ಯ.

ಪರೀಕ್ಷೆ ಮತ್ತು ಚಿಕಿತ್ಸೆ

ಗರ್ಭ ಪರೀಕ್ಷೆ, ಎಚ್‌ಸಿಜಿ ಪ್ರಮಾಣ, ಹಿಮೋಗ್ಲೋಬಿನ್ ಮತ್ತು ಅಲ್ಟ್ರಾಸೌಂಡ್ ಮುಖ್ಯ ಪರೀಕ್ಷೆಗಳು. ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ನೋವಿಗೆ ಐಬುಪ್ರೊಫೇನ್ ಅಥವಾ ಮೆಫೆನಮಿಕ್ ಆಮ್ಲ, ಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಮ್ಲ, ರಕ್ತಹೀನತೆಗೆ ಕಬ್ಬಿಣಾಂಶದ ಮಾತ್ರೆಗಳನ್ನು ವೈದ್ಯರು ಸೂಚಿಸುತ್ತಾರೆ. ಉಳಿದ ಅಂಗಾಂಶವನ್ನು ಮಿಸೊಪ್ರೊಸ್ಟಾಲ್ ಔಷಧಿಯಿಂದ ಅಥವಾ ಹೀರುನಳಿಕೆಯ ಮೂಲಕ ಹೊರತೆಗೆಯಬಹುದು. ಸೋಂಕಿಗೆ ಪ್ರತಿಜೀವಕಗಳನ್ನು ಕೊಡಲಾಗುತ್ತದೆ.

ಮಾನಸಿಕ ಮತ್ತು ಸಾಮಾಜಿಕ ಅಂಶಗಳು

ಮರಳಿದ ಮುಟ್ಟು ಗರ್ಭನಷ್ಟದ ದುಃಖವನ್ನು ಮತ್ತೆ ನೆನಪಿಸಬಹುದು. ಭಾರ ಎತ್ತಿದ್ದು, ಪಪ್ಪಾಯಿ ತಿಂದದ್ದು ಮೊದಲಾದವನ್ನು ಕಾರಣವಾಗಿಸಿ ಮಹಿಳೆಯನ್ನೇ ದೂಷಿಸುವ ರೂಢಿ ಹಲವೆಡೆ ಇದೆ. ವಾಸ್ತವದಲ್ಲಿ ಆರಂಭಿಕ ಗರ್ಭಸ್ರಾವಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದನ್ನು ತಾಯಿಯ ನಡವಳಿಕೆಯಿಂದ ತಡೆಯಲಾಗದು.

ಭಾರತದ ಕಾನೂನಿನ ಪ್ರಕಾರ ಗರ್ಭಪಾತಕ್ಕೊಳಗಾದ ಅರ್ಹ ಮಹಿಳಾ ಉದ್ಯೋಗಿಗೆ ಆರು ವಾರಗಳ ವೇತನಸಹಿತ ರಜೆ ದೊರೆಯುತ್ತದೆ. ಅದರಿಂದ ಅನಾರೋಗ್ಯ ಉಂಟಾದರೆ ಗರಿಷ್ಠ ಇನ್ನೊಂದು ತಿಂಗಳ ರಜೆಗೂ ಅವಕಾಶವಿದೆ.